ಸಾಲ ತೀರಿಸಲು ಮತ್ತೊಂದು ಸಾಲ ಬೇಡ, ತಂಗಿ

‘ಅಕ್ಕಾರ, ನಾ ಲಕಮನಹಳ್ಳಿಯಾಕಿ. ಮನ್ಯಾಗ ಹೊಲಿಗಿ ಮಾಡ್ತೀನಿ, ಮನಿಯವ್ರು ಇಂಡಸ್ಟ್ರಿಯಲ್ ಏರಿಯಾಕ್ಕ ಕೆಲಸಕ್ಕ ಹೋಗ್ತಾರ. ಇಬ್ಬರದೂ ಸೇರಿ ತಿಂಗಳಿಗೆ 15 ಸಾವಿರ ಬರತೈತಿ. ಹೊಲಿಗಿ ಮಷೀನಿಗೆ ಅಂತ ಸಂಘದ ಸಾಲ 50 ಸಾವಿರ ತಗೊಂಡೆ. ಆಮ್ಯಾಲ ನಾದಿನಿ ಕೇಳಿದ್ಲಂತ ನನ್ನ ಹೆಸರಿಗೆ ಇನ್ನೊಂದು ಕಂಪನಿದಾಗ ತೆಗೆದುಕೊಟ್ಟೆ. ಆಕಿ ಕಟ್ಟೂದು ಬಿಟ್ಟಾಳ. ಆ ಕಂತು ತುಂಬಾಕ ಮೂರನೇದ್ದೂ ಆತು. ಈಗ ತಿಂಗಳಿಗೆ 7,900 ಕಟ್ಟಬೇಕು. ಹೋದ ವಾರ ವಸೂಲಿಯವ್ರು ರಾತ್ರಿ ಎಂಟರ ತನಕ ನಮ್ಮ ಕಟ್ಟಿ ಮ್ಯಾಲ ಕುಂತಿದ್ರು. ಎರಡನೇದ್ದು, ಮೂರನೇದ್ದು ಮನಿಯವರಿಗೆ ಗೊತ್ತಿಲ್ಲ. ಇನ್ನೊಂದು ಕಂಪನಿಯವ್ರು ಕೊಡತೀವಿ ಅಂತಾರ, ತಗೊಳ್ಳಲೇನ್ರಿ? ಸರ್ಕಾರ ಸಾಲ ಮನ್ನಾ ಮಾಡೈತಿ, ಕಟ್ಟಬ್ಯಾಡ ಅಂತಾನೂ ಅಂತಾರ. ಖರೆ ಏನ್ರಿ?’

ತಂಗಿ, ನಾಲ್ಕನೇ ಸಾಲಕ್ಕೆ ಸಹಿ ಹಾಕಬೇಡಿ. ಆ ದುಡ್ಡು ಎರಡು ತಿಂಗಳು ಉಸಿರಾಡಲು ಬಿಡುತ್ತದೆ, ಮೂರನೇ ತಿಂಗಳಿಗೆ ನಾಲ್ಕು ಮಂದಿ ಕಟ್ಟೆ ಮೇಲೆ ಕೂತಿರುತ್ತಾರೆ.

ಮನ್ನಾ ಮಾತು ಖರೆ ಅಲ್ಲ. ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಕಿರುಕುಳ ತಾಳದೆ ಮುಖ್ಯಮಂತ್ರಿಗೆ ಅಂಚೆಯಲ್ಲಿ ತಾಳಿ ಕಳಿಸಿದ್ದು ನಿಮಗೆ ನೆನಪಿರಬಹುದು. ಅದಾದ ಮೇಲೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದಿತು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಯ ಸಾಲವನ್ನು ಅದು ಅಳಿಸಿಲ್ಲ. ಸಾಲ ನಿಮ್ಮ ಹೆಸರಲ್ಲೇ ಇದೆ. ನಾದಿನಿಗೆ ಕೊಟ್ಟದ್ದೂ ಕಾಗದದಲ್ಲಿ ನಿಮ್ಮದೇ.

ಹಾಗೆಂದು ರಾತ್ರಿ ಎಂಟರವರೆಗೆ ಕೂರುವ ಹಕ್ಕು ಅವರಿಗಿಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ಫೋನು ಮಾಡುವುದೂ ತಪ್ಪು. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ನಡೆಯಬೇಕು. ಅಲ್ಲಿಗೆ ನೀವು ಸತತ ಎರಡು ಸಲ ಬರದಿದ್ದರೆ ಮಾತ್ರ ಅವರು ಮನೆಗೆ ಬರಬಹುದು. ಇನ್ನೊಂದು ಮಾತು. ಒಂದು ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ನಿಮ್ಮ 15 ಸಾವಿರಕ್ಕೆ ಅದು 7,500. ಮೂರನೇ ಕಂಪನಿಯವರು ಲೆಕ್ಕ ನೋಡಿದ್ದರೆ ನಿಮಗೆ ಅಷ್ಟು ಸಾಲ ಕೊಡಲೇಬಾರದಿತ್ತು. ಈ ತಪ್ಪು ನಿಮ್ಮೊಬ್ಬರದಲ್ಲ, ತಲೆ ತಗ್ಗಿಸಬೇಡಿ.

ನೀವು ಕಳಿಸಿದ ಮೊದಲ ಸಾಲದ ಕಾರ್ಡಿನ ಫೋಟೋ ನೋಡಿದೆ. ತಿಂಗಳಿಗೆ 2,643ರಂತೆ 24 ಕಂತು, ಒಟ್ಟು ಸುಮಾರು 63,400. ಎರಡು ವರ್ಷಕ್ಕೆ ಬಡ್ಡಿ 13,400 ಎಂದರೆ ವರ್ಷಕ್ಕೆ ಶೇ 13 ಚಿಲ್ಲರೆ ಅನಿಸುತ್ತದೆ. ಆದರೆ ನೀವು ಪ್ರತಿ ತಿಂಗಳೂ ಅಸಲು ತಿರುಗಿ ಕೊಡುತ್ತ ಹೋಗುತ್ತೀರಿ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಬಡ್ಡಿ ವರ್ಷಕ್ಕೆ ಶೇ 24. ಮತ್ತೊಂದು ಕಂಡಿತು: ಕೊನೆಯ ಮೂರು ಕಂತಿನ ಎದುರು ವಸೂಲಿಯವರ ಸಹಿ ಇಲ್ಲ. ದುಡ್ಡು ಕೊಟ್ಟಿದ್ದೀರಿ, ಕಾರ್ಡು ಖಾಲಿ ಇದೆ. ನನಗೆ ಹೆಚ್ಚು ಹೆದರಿಕೆಯಾದದ್ದು ಇದನ್ನು ನೋಡಿ.

ಇವತ್ತು ರಾತ್ರಿ ಊಟವಾದ ಮೇಲೆ ಮೂರೂ ಕಾರ್ಡು ಯಜಮಾನರ ಮುಂದೆ ಇಡಿ. ಕಷ್ಟ, ಬಲ್ಲೆ. ಆದರೆ ವಸೂಲಿಯವರ ಬಾಯಿಂದ ತಿಳಿಯುವುದಕ್ಕಿಂತ ನಿಮ್ಮಿಂದ ತಿಳಿಯಲಿ. ನಾದಿನಿಯನ್ನೂ ಕರೆಸಿ ಕೂಡಿಸಿ. ಆಕೆ ಅರ್ಧವಾದರೂ ಕಟ್ಟಲಿ. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ, ಹಾಗಾಗಿ ಎಲ್ಲಕ್ಕಿಂತ ಕಡಿಮೆ ಬಾಕಿ ಇರುವುದನ್ನು ಮೊದಲು ಮುಗಿಸಿ. ಉಳಿದ ಕಂಪನಿಗಳಿಗೆ ‘ಕಂತು ಚಿಕ್ಕದು ಮಾಡಿ, ಅವಧಿ ಹೆಚ್ಚಿಸಿ’ ಎಂದು ಬರೆದು ಕೊಟ್ಟು ನಕಲು ಇಟ್ಟುಕೊಳ್ಳಿ. ಕಿರುಕುಳದ ದೂರನ್ನೂ ಮೊದಲು ಕಂಪನಿಗೇ ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448. ಬೆದರಿಸಿದರೆ, ಮೈಮುಟ್ಟಿದರೆ ಕಾಯಬೇಡಿ, 112ಕ್ಕೆ ಫೋನು ಮಾಡಿ.

ನೀವು ‘ಸಂಘದ ಸಾಲ’ ಎಂದಿರಿ. ಆದರೆ ನಮ್ಮ ಕಡೆ ಎರಡು ಬೇರೆ ಬೇರೆ ಸಂಗತಿಗೆ ‘ಸಂಘ’ ಎಂಬ ಒಂದೇ ಹೆಸರು. ಕಂಪನಿಯವರು ಸಾಲ ಕೊಡಲೆಂದು ಕೂಡಿಸುವ ಗುಂಪು ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಮಾದರಿಯದು. ಹೆಣ್ಣುಮಕ್ಕಳೇ ವಾರವಾರ ಉಳಿತಾಯ ಹಾಕಿ ನಡೆಸುವ ಸ್ವಸಹಾಯ ಸಂಘ ಬೇರೆ. ಅದಕ್ಕೆ ದಾರಿ ತೋರಿದವರಲ್ಲಿ ನಮ್ಮ ರಾಜ್ಯದ ಮೈರಾಡ ಎಂಬ ಸಂಸ್ಥೆ ಮೊದಲಿನದು. 1992ರಲ್ಲಿ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸತೊಡಗಿತು. ಅಲ್ಲಿ ಒಳಗೊಳಗೇ ಕೊಟ್ಟ ಸಾಲದ ಬಡ್ಡಿ ಸದಸ್ಯರಲ್ಲೇ ಉಳಿಯುತ್ತದೆ. ಅಂಥ ಸಂಘಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಅಡವು ಕೇಳುವಂತಿಲ್ಲ. ಹೊಲಿಗೆಗೆ 50 ಸಾವಿರದವರೆಗೆ ಮುದ್ರಾ ಸಾಲವೂ ಉಂಟು. ಆದರೆ ಕಂತು ಬಾಕಿ ಇರುವಾಗ ಬ್ಯಾಂಕಿಗೆ ಹೋದರೆ ಬರಿಗೈಯಲ್ಲಿ ಬರಬೇಕಾದೀತು. ಮೊದಲು ಒಂದು ಸಾಲವಾದರೂ ಮುಗಿಯಲಿ, ಅಷ್ಟರಲ್ಲಿ ನಿಮ್ಮ ಓಣಿಯ ಉಳಿತಾಯ ಸಂಘ ಸೇರಿಕೊಳ್ಳಿ.

ಮುಂದಿನ ಕಂತಿಗೆ ಹೋಗುವಾಗ ಕಾರ್ಡು ಒಯ್ಯಿರಿ. ಬಿಟ್ಟ ಮೂರು ಸಹಿ ಕೇಳಿ ಹಾಕಿಸಿಕೊಳ್ಳಿ. ಸಹಿ ಬೀಳದೆ ಒಂದು ರೂಪಾಯಿಯನ್ನೂ ಕೈ ಬಿಡಬೇಡಿ.