ತರಬೇತಿಗೆ ಬಂದ ವಿದ್ಯಾರ್ಥಿಗೆ ಯಾವ ಕೆಲಸ ಕೊಡಬೇಕು?

ಕಾಲೇಜುಗಳಿಂದ ತರಬೇತಿಗೆಂದು ಬರುವ ವಿದ್ಯಾರ್ಥಿಗಳ ಕುರಿತು ವರ್ತಕ ಮಿತ್ರರಿಂದ ನಾನು ಪದೇ ಪದೇ ಕೇಳುವ ದೂರು ಒಂದೇ: "ಹುಡುಗರಿಗೆ ಆಸಕ್ತಿಯೇ ಇಲ್ಲ, ಮೊಬೈಲು ನೋಡುತ್ತ ಕೂರುತ್ತಾರೆ." ದೂರಿನಲ್ಲಿ ಸತ್ಯಾಂಶವಿರಬಹುದು. ಆದರೆ ನಾವು ಅವರಿಗೆ ಕೊಟ್ಟ ಕೆಲಸವೇನೆಂಬುದನ್ನೂ ಪರಿಶೀಲಿಸುವುದು ಉಚಿತ.

ನಾನು ಬಿ.ಕಾಂ. ಮುಗಿಸಿ ಆರ್ಟಿಕಲ್‌ಷಿಪ್‌ಗೆ ಸೇರಿದಾಗ ಅದರ ಅವಧಿ ಮೂರು ವರ್ಷ. (2023ರ ಜುಲೈ 1ರಿಂದ ಸೇರುವವರಿಗೆ ಎರಡು ವರ್ಷಕ್ಕೆ ಇಳಿದಿದೆ.) ಮೊದಲ ಆರು ತಿಂಗಳು ವೋಚರುಗಳಿಗೆ ಹಸಿರು ಶಾಯಿಯ ಗುರುತು ಹಾಕುವುದಷ್ಟೇ ನನ್ನ ಪಾಲಿಗಿತ್ತು. ಅದರಲ್ಲಿ ಏನನ್ನು ನೋಡಬೇಕೆಂದು ಯಾರೂ ತಿಳಿಸಿರಲಿಲ್ಲ. ಬಿಟ್ಟುಹೋಗುವ ಯೋಚನೆಯೂ ಬಂದಿತ್ತು. ಅನಂತರ ಒಂದು ದಿನ ಅಡಿಕೆ ಮಂಡಿಯೊಂದರ ಬ್ಯಾಂಕ್ ರಿಕನ್ಸಿಲಿಯೇಷನ್ ಪೂರ್ತಿಯಾಗಿ ನನಗೇ ಒಪ್ಪಿಸಲ್ಪಟ್ಟಿತು. ನಗದು ಪುಸ್ತಕಕ್ಕೂ ಪಾಸ್‌ಬುಕ್ಕಿಗೂ ಇದ್ದ ವ್ಯತ್ಯಾಸವು ಒಂದೇ ಚೆಕ್ಕಿಗೆ ಬಂದು ನಿಂತಾಗ ಊಟಕ್ಕೆ ಹೋಗುವುದನ್ನೂ ಮರೆತಿದ್ದೆ.

ಇಂದು ಅಂತಹ ಕೆಲಸ ಪ್ರತಿಯೊಂದು ಅಂಗಡಿಯಲ್ಲಿಯೂ ಇದೆ. 2022ರ ಜನವರಿ 1ರಿಂದ, ಮಾರಾಟಗಾರನು ತನ್ನ ರಿಟರ್ನಿನಲ್ಲಿ ತೋರಿಸಿದ ಬಿಲ್ಲಿಗೆ ಮಾತ್ರ ಖರೀದಿದಾರನಿಗೆ ಜಿಎಸ್‌ಟಿ ಹೂಟುವಳಿ ತೆರಿಗೆಯ ಜಮೆ ದೊರೆಯುತ್ತದೆ. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-2ಬಿ ತಃಖ್ತೆಯು ಮರುತಿಂಗಳ 14ರಂದು ಸಿದ್ಧವಾಗುತ್ತದೆ. ಅದನ್ನೂ ಖರೀದಿ ಪುಸ್ತಕವನ್ನೂ ವಿದ್ಯಾರ್ಥಿಯ ಮುಂದಿಡಿ. ನಮ್ಮಲ್ಲಿದ್ದು ಅಲ್ಲಿಲ್ಲದ ಬಿಲ್ಲು, ಅಲ್ಲಿದ್ದು ನಮ್ಮಲ್ಲಿಲ್ಲದ್ದು, ಮೊತ್ತ ತಾಳೆಯಾಗದ್ದು, ಹೀಗೆ ಮೂರು ಪಟ್ಟಿ ಮಾಡಿಸಿ. ಶೇ. 18ರ ದರದಲ್ಲಿ ಒಂದು ಲಕ್ಷ ರೂಪಾಯಿಯ ಒಂದು ಬಿಲ್ಲು ತಪ್ಪಿದರೆ 18,000 ರೂಪಾಯಿಯನ್ನು ನಾವು ಕೈಯಿಂದ ಕಟ್ಟಬೇಕಾಗುತ್ತದೆಂದು ಮೊದಲೇ ತಿಳಿಸಿ. ಸರಬರಾಜುದಾರರಿಗೆ ಫೋನನ್ನೂ ಅವರಿಂದಲೇ ಮಾಡಿಸಿ. ಕಲಿಕೆಯ ಬಹುಪಾಲು ಅಲ್ಲಿಯೇ ಇದೆ. ಪೋರ್ಟಲಿನ ಪಾಸ್‌ವರ್ಡ್ ಮಾತ್ರ ತಮ್ಮಲ್ಲಿಯೇ ಇರಲಿ.

ಕಾರ್ಖಾನೆಯಲ್ಲಿಯಾದರೆ ಒಂದೇ ಜಾಬನ್ನು, ಕಚ್ಚಾ ಮಾಲಿನ ತೂಕದಿಂದ ಸ್ಕ್ರ್ಯಾಪಿನ ತೂಕದವರೆಗೆ, ಒಬ್ಬರೇ ಬರೆದಿಡಲಿ.

ಅಪ್ರೆಂಟಿಸ್‌ಗಳ ವಿಷಯ ಬೇರೆ. 2019ರ ತಿದ್ದುಪಡಿಯಂತೆ 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳು ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ನೇಮಿಸಿಕೊಳ್ಳುವುದು ಕಡ್ಡಾಯ. 1961ರ ಕಾಯ್ದೆಯ 18ನೆಯ ಪ್ರಕರಣದಂತೆ ಅವರು ತರಬೇತಿದಾರರೇ ಹೊರತು ಕಾರ್ಮಿಕರಲ್ಲ. ಹೀಗಿರುವಾಗ ಅವರನ್ನು ಅಗ್ಗದ ಆಳುಗಳೆಂದು ಎಣಿಸಿ ಕೇವಲ ಸಾಮಾನು ಹೊರಿಸುವುದು ಕಾಯ್ದೆಯ ಆಶಯಕ್ಕೇ ವಿರುದ್ಧ.

ಕೊನೆಯದಾಗಿ, ಪ್ರಮಾಣಪತ್ರದಲ್ಲಿ "ನಡತೆ ತೃಪ್ತಿಕರ" ಎಂದಷ್ಟೇ ಬರೆದು ಮೊಹರು ಒತ್ತಬೇಡಿ. ಎಷ್ಟು ತಿಂಗಳ ಲೆಕ್ಕ ತಾಳೆ ಮಾಡಿದರು, ಎಷ್ಟು ಬಿಲ್ಲು ಹುಡುಕಿಕೊಟ್ಟರು ಎಂಬುದನ್ನು ಸಂಖ್ಯೆ ಸಹಿತ ನಮೂದಿಸಿ.