ಬೆಳಗಿನ ಐದೂವರೆಗೆ ಮುಗಿಯುವ ದಿನ

2017ರ ಡಿಸೆಂಬರಿನಲ್ಲಿ ಬಿಟ್‌ಕಾಯಿನ್ ಬೆಲೆ 20 ಸಾವಿರ ಡಾಲರಿನ ಹತ್ತಿರ ಹೋಗಿದ್ದಾಗ ನಾನು ಈ ಕೆಲಸಕ್ಕೆ ಸೇರಿದೆ. ಕೊಳ್ಳುವ ಕೆಲಸವಲ್ಲ, ಮಾರುವುದೂ ಅಲ್ಲ. ಕ್ರಿಪ್ಟೊ ಎಕ್ಸ್‌ಚೇಂಜ್‌ಗಳಲ್ಲಿ ಆಗಿಹೋದ ವ್ಯಾಪಾರದ ಲೆಕ್ಕವನ್ನು ಇಳಿಸಿಕೊಂಡು, ಕಸಕಡ್ಡಿ ಆರಿಸಿ, ಲೆಕ್ಕಾಚಾರ ಮಾಡುವವರ ಕೈಗೆ ಕೊಡುವುದು. ಅಪ್ಪ ಶಿರಸಿಯ ಅಡಿಕೆ ಮಂಡಿಯಲ್ಲಿ ಕಿರ್ದಿ ಬರೆದು ನಿವೃತ್ತರಾದವರು. ಅವರಿಗೆ ನನ್ನ ಕೆಲಸ ವಿವರಿಸಲು ಹೊರಟು ಅರ್ಧಕ್ಕೇ ಸೋತೆ. ಅವರೇ ಪೂರ್ತಿ ಮಾಡಿದರು: “ಅಂದ್ರೆ ಬೇರೆಯವರ ಹಳೇ ಕಿರ್ದಿ ಓದೂದು. ಪುಸ್ತಕ ಬರೆದವ ಯಾರು ಹೇಳಿ ಮೊದ್ಲು ನೋಡು ಕೂಸೇ.”

ಆ ಮಾತಿನ ತೂಕ ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

1. ಕಿರ್ದಿ ಬರೆಯುವವನೇ ಅಂಗಡಿಯ ಯಜಮಾನ

ಹೊಸದಾಗಿ ಸೇರುವ ಹುಡುಗರು ಹೆಚ್ಚುಕಡಿಮೆ ಎಲ್ಲರೂ ಒಂದು ತಪ್ಪು ತಿಳಿವಳಿಕೆ ಹೊತ್ತು ಬರುತ್ತಾರೆ. ಎಲ್ಲವೂ ಬ್ಲಾಕ್‌ಚೈನ್‌ನಲ್ಲೇ ಇದೆ, ಅದನ್ನು ತಿದ್ದಲಾಗದು, ಹಾಗಾಗಿ ಡೇಟಾ ನಂಬಬಹುದು ಎಂದು. ಬ್ಲಾಕ್‌ಚೈನ್ ಮೇಲೆ ಕಾಣುವುದು ಎಕ್ಸ್‌ಚೇಂಜ್‌ನ ಒಳಕ್ಕೆ ಬಂದ ನಾಣ್ಯ, ಹೊರಕ್ಕೆ ಹೋದ ನಾಣ್ಯ ಮಾತ್ರ. ಒಳಗೆ ಯಾರು ಯಾರಿಗೆ ಎಷ್ಟಕ್ಕೆ ಮಾರಿದರು ಎಂಬುದು ಆ ಕಂಪನಿಯ ಸ್ವಂತ ಡೇಟಾಬೇಸಿನ ಸಾಲು. ಬರೆಯುವವರು ಅವರು, ತಿದ್ದುವವರು ಅವರು, ನಮಗೆ ತೋರಿಸುವವರೂ ಅವರೇ.

ಟೋಕಿಯೊದ ಮೌಂಟ್ ಗಾಕ್ಸ್‌ನದು ಇದಕ್ಕೆ ದೊಡ್ಡ ಉದಾಹರಣೆ. ಒಂದು ಕಾಲಕ್ಕೆ ಬಿಟ್‌ಕಾಯಿನ್ ಬೆಲೆ ಎಂದರೆ ಗಾಕ್ಸ್ ಬೆಲೆ. 2014ರ ಫೆಬ್ರವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿವೆ ಎಂದಿತು. ಅದರಲ್ಲಿ 2 ಲಕ್ಷ ಆಮೇಲೆ ಸಿಕ್ಕವು. ಮರುತಿಂಗಳು ಅದರ ಒಳಗಿನ ವ್ಯಾಪಾರದ ದಾಖಲೆಗಳೇ ಹೊರಗೆ ಸೋರಿದವು. ಅವುಗಳನ್ನು ಜಾಲಾಡಿದ ನೀಲ್ ಗಂಡಾಲ್ ಮತ್ತು ಸಂಗಡಿಗರು 2018ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸುಮಾರು 6 ಲಕ್ಷ ಬಿಟ್‌ಕಾಯಿನ್‌ಗಳ ಖರೀದಿ ಅನುಮಾನಾಸ್ಪದ, 2013ರ ಕೊನೆಯಲ್ಲಿ ಬೆಲೆ ಎರಡೇ ತಿಂಗಳಲ್ಲಿ 150 ಡಾಲರ್ ಆಸುಪಾಸಿನಿಂದ ಸಾವಿರ ದಾಟಿದ್ದಕ್ಕೆ ಬಹುಶಃ ಆ ಖರೀದಿಯೇ ಕಾರಣ ಎಂದು ಅವರ ವಾದ.

ನನ್ನ ಬಳಿ ಗಾಕ್ಸ್ ಫೈಲುಗಳಿವೆ. ಬೇರೆ ಫೋಲ್ಡರಿನಲ್ಲಿ. 2013ರ ಏರಿಕೆಯನ್ನು ಸೇರಿಸಿ “ಹನ್ನೆರಡು ವರ್ಷದ ಬ್ಯಾಕ್‌ಟೆಸ್ಟ್” (ಅಂದರೆ ಹಳೆಯ ದರಗಳ ಮೇಲೆ ತಂತ್ರವನ್ನು ಓಡಿಸಿ ನೋಡಿದ್ದು) ಎಂದು ಯಾರಾದರೂ ಹೆಮ್ಮೆಪಟ್ಟರೆ, ಮೊದಲು ಆ ಎರಡು ತಿಂಗಳನ್ನು ಕಿತ್ತು ಮತ್ತೊಮ್ಮೆ ಓಡಿಸಿ ನೋಡಿ ಎನ್ನುತ್ತೇನೆ. ಎಷ್ಟೋ ಜನ ಆಮೇಲೆ ಫೋನ್ ಮಾಡುವುದಿಲ್ಲ.

2. ಕಾಲಂಗಳ ಕ್ರಮವನ್ನು ಊಹಿಸಬೇಡಿ

ಇದು ಚಿಲ್ಲರೆ ವಿಷಯದಂತೆ ಕಾಣುತ್ತದೆ. ನನ್ನ ಮೊದಲ ಮರ್ಯಾದೆ ಹೋದದ್ದು ಇದರಲ್ಲೇ. ಒಂದು ಅವಧಿಯ ದರಗಳ ಸಾಲಾದ ಕ್ಯಾಂಡಲ್ ಎಂದರೆ ಆರಂಭದ ದರ, ಗರಿಷ್ಠ, ಕನಿಷ್ಠ, ಮುಕ್ತಾಯ ಎಂಬ ಕ್ರಮ ತಲೆಯಲ್ಲಿ ಕೂತಿರುತ್ತದೆ. ಬೈನಾನ್ಸ್ ಹಾಗೇ ಕೊಡುತ್ತದೆ. ಕಾಯಿನ್‌ಬೇಸ್ ಎಕ್ಸ್‌ಚೇಂಜ್ ಮೊದಲು ಕನಿಷ್ಠ, ಆಮೇಲೆ ಗರಿಷ್ಠ, ಆಮೇಲೆ ಆರಂಭ, ಮುಕ್ತಾಯ ಕೊಡುತ್ತದೆ. ಬಿಟ್‌ಫಿನೆಕ್ಸ್‌ನದು ಆರಂಭ, ಮುಕ್ತಾಯ, ಗರಿಷ್ಠ, ಕನಿಷ್ಠ. ನಾನು ಮೂರನ್ನೂ ಒಂದೇ ಅಚ್ಚಿಗೆ ಸುರಿದೆ. ಅಂದರೆ ಒಂದು ಕಡೆ ದಿನದ ಕನಿಷ್ಠ ದರವೇ ಆರಂಭದ ದರವಾಯಿತು. ದಿನಾ ಕನಿಷ್ಠಕ್ಕೆ ಕೊಳ್ಳುವ ಭಾಗ್ಯ ಯಾರಿಗುಂಟು? ಎರಡು ವಾರ ಆಫೀಸಿನಲ್ಲಿ ನಾನೇ ಮೇಧಾವಿ.

ಕನಿಷ್ಠ ದರ ಉಳಿದ ಮೂರಕ್ಕಿಂತ ಹೆಚ್ಚು ಇರಲಾಗದು ಎಂಬ ಒಂದು ಸಾಲಿನ ಪರೀಕ್ಷೆ ಹಾಕಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದೆ. ಈಗ ಆ ಸಾಲಿಲ್ಲದೆ ಯಾವ ಫೈಲೂ ನನ್ನ ಮೇಜು ದಾಟುವುದಿಲ್ಲ.

ಬೈನಾನ್ಸ್‌ನ ಟ್ರೇಡ್ ಫೈಲಿನಲ್ಲಿ ಇನ್ನೊಂದು ಕುಣಿಕೆ ಇದೆ. ಕೊನೆಯ ಕಡೆ ಒಂದು ‘ಹೌದು–ಅಲ್ಲ’ ಕಾಲಂ. ಕೊಂಡವನೇ ‘ಮೇಕರ್’ ಆಗಿದ್ದನೇ ಎಂಬುದು ಅದರ ಪ್ರಶ್ನೆ. ‘ಹೌದು’ ಎಂದಿದ್ದರೆ ಕೊಳ್ಳುವವನು ಆರ್ಡರ್ ಇಟ್ಟು ಕಾಯುತ್ತಿದ್ದ, ಮಾರುವವನು ಬಂದು ಅವನ ಮೇಲೆ ಸುರಿದ ಎಂದರ್ಥ. ಅಂದರೆ ಅದು ಮಾರಾಟದ ಒತ್ತಡ. ಅವಸರದಲ್ಲಿ ಓದಿದವರು ಅದನ್ನು ಖರೀದಿಯ ಒತ್ತಡ ಎಂದು ತಿಳಿಯುತ್ತಾರೆ, ಲೆಕ್ಕವೆಲ್ಲ ತಲೆಕೆಳಗು.

ಅದೇ ಬೈನಾನ್ಸ್ 2025ರ ಜನವರಿ 1ರಿಂದ ಸ್ಪಾಟ್ ಫೈಲುಗಳ ಸಮಯವನ್ನು ಮಿಲಿಸೆಕೆಂಡಿನಿಂದ ಮೈಕ್ರೋಸೆಕೆಂಡಿಗೆ ಬದಲಿಸಿತು. ಮೊದಲೇ ತಿಳಿಸಿದ್ದರು, ನಾನು ಓದಿರಲಿಲ್ಲ. ಹೊಸ ವರ್ಷದ ಮೊದಲ ಫೈಲನ್ನು ನಮ್ಮ ಪ್ರೋಗ್ರಾಂ 56 ಸಾವಿರ ದಾಟಿದ ಯಾವುದೋ ಇಸವಿಗೆ ಸೇರಿಸಿತ್ತು.

3. ದಿನ ಮುಗಿಯುವುದು ಹಾಲಿನವನು ಬರುವ ಹೊತ್ತಿಗೆ

ಈ ಮಾರುಕಟ್ಟೆಗೆ ಬಾಗಿಲಿಲ್ಲ, ರಜೆಯಿಲ್ಲ. ದಿನದ ಗಡಿ ಎಂಬುದು ಕೇವಲ ಒಪ್ಪಂದ: ಗ್ರೀನಿಚ್ ಕಡೆಯ ನಡುರಾತ್ರಿ. ಬೆಂಗಳೂರಿನಲ್ಲಿ ಆಗ ಬೆಳಗಿನ ಐದೂವರೆ. ಹಾಲಿನ ಪ್ಯಾಕೆಟ್ ಬಾಗಿಲಿಗೆ ಬೀಳುವ ಸದ್ದಿಗೆ ನಮ್ಮ ದಿನದ ಕ್ಯಾಂಡಲ್ ಮುಚ್ಚುತ್ತದೆ.

ಆ ಅರ್ಧ ಗಂಟೆಯೇ ಉಪದ್ರವ. ಭಾರತೀಯ ಸಮಯದಲ್ಲಿ ಗಂಟೆಗಂಟೆಗೆ ಕತ್ತರಿಸಿದ ದರವನ್ನು ಹೊರದೇಶದ ಗಂಟೆಯ ದರದ ಪಕ್ಕ ಇಟ್ಟರೆ ಯಾವತ್ತೂ ಕೂಡುವುದಿಲ್ಲ. ನಿಮಿಷದ ಡೇಟಾ ತೆಗೆದು ನೀವೇ ಗಂಟೆ ಕಟ್ಟಿಕೊಳ್ಳಬೇಕು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಕ್ಯಾಂಡಲ್ ಮೇಲೆ ಬರೆದಿರುವುದು ಸಾಮಾನ್ಯವಾಗಿ ಅದು ತೆರೆದ ಸಮಯ, ಮುಚ್ಚಿದ ಸಮಯವಲ್ಲ. ಜನವರಿ 1 ಎಂದಿರುವ ಸಾಲಿನ ಮುಕ್ತಾಯದ ದರ ಗೊತ್ತಾಗುವುದು ನಮ್ಮ ಜನವರಿ 2ರ ಬೆಳಿಗ್ಗೆ. ಆ ದರ ನೋಡಿ 1ನೇ ತಾರೀಖೇ ಕೊಂಡೆ ಎಂದು ಬ್ಯಾಕ್‌ಟೆಸ್ಟ್ ಹೇಳಿದರೆ, ನಾಳಿನ ಪೇಪರ್ ಇವತ್ತು ಓದಿ ಲಾಟರಿ ಟಿಕೆಟ್ ಕೊಂಡಂತೆ. ನಾನು ನೋಡಿದ ಅತಿ ಲಾಭದ ‘ತಂತ್ರ’ಗಳಲ್ಲಿ ಅರ್ಧಕ್ಕರ್ಧ ಇದೇ.

4. ವಹಿವಾಟಿನ ಗಾತ್ರ ನಂಬುವ ಮುನ್ನ ಶುಲ್ಕ ನೋಡಿ

2017ರ ಜನವರಿಯವರೆಗೆ ಜಗತ್ತಿನ ಬಿಟ್‌ಕಾಯಿನ್ ವಹಿವಾಟಿನ ಶೇ. 90ಕ್ಕೂ ಹೆಚ್ಚು ಪಾಲು ಚೀನಾದ್ದೇ ಎಂದು ತೋರುತ್ತಿತ್ತು. ಅಲ್ಲಿನ ದೊಡ್ಡ ಎಕ್ಸ್‌ಚೇಂಜ್‌ಗಳು ಶುಲ್ಕವನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಕೇಂದ್ರ ಬ್ಯಾಂಕ್ ಕಣ್ಣು ಕೆಂಪು ಮಾಡಿದ ಮೇಲೆ ಜನವರಿ 24ರಿಂದ ಶೇ. 0.2 ಶುಲ್ಕ ಬಂತು, ಆ ಬೆಟ್ಟದಂಥ ವಹಿವಾಟು ಕರಗಿಹೋಯಿತು. ಬೆಲೆ ಅಷ್ಟೇನೂ ಅಲುಗಲಿಲ್ಲ. ಪುಕ್ಕಟೆಯಾದರೆ ಎಡಗೈಯಿಂದ ಬಲಗೈಗೆ ಎಷ್ಟು ಸಲ ಬೇಕಾದರೂ ಮಾರಬಹುದು.

2019ರ ಮಾರ್ಚಿನಲ್ಲಿ ಬಿಟ್‌ವೈಸ್ ಎಂಬ ಸಂಸ್ಥೆ ಅಮೆರಿಕದ ಷೇರು ನಿಯಂತ್ರಕರ ಮುಂದೆ ಇಟ್ಟ ವರದಿ ಇನ್ನೂ ಕಟುವಾಗಿತ್ತು. ಪರಿಶೀಲಿಸಿದ 81 ಎಕ್ಸ್‌ಚೇಂಜ್‌ಗಳಲ್ಲಿ 10ರ ಲೆಕ್ಕ ಮಾತ್ರ ನಿಜ; ದಿನಕ್ಕೆ 600 ಕೋಟಿ ಡಾಲರ್ ಎಂದು ಹೇಳುವ ವಹಿವಾಟಿನಲ್ಲಿ ಅಸಲಿ 27 ಕೋಟಿಯಷ್ಟು.

ಇಷ್ಟೆಲ್ಲ ಗೊತ್ತಿದ್ದೂ 2023ರಲ್ಲಿ ನಾನೇ ಎಡವಿದೆ. ಆ ಮಾರ್ಚಿನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿತು. ತಿಂಗಳ ಕೊನೆಗೆ ಬೈನಾನ್ಸ್‌ನ ಬಿಟ್‌ಕಾಯಿನ್ ವಹಿವಾಟು ದಢಾರನೆ ಬಿತ್ತು. ಎರಡನ್ನೂ ಜೋಡಿಸಿ ಸೊಗಸಾದ ಟಿಪ್ಪಣಿ ಬರೆದೆ. ಬೈನಾನ್ಸ್ 2022ರ ಜುಲೈಯಲ್ಲಿ ಆರಂಭಿಸಿದ್ದ ಶೂನ್ಯ ಶುಲ್ಕವನ್ನು ಮಾರ್ಚ್ 22ಕ್ಕೆ ಬಹುತೇಕ ಬಿಟ್‌ಕಾಯಿನ್ ಜೋಡಿಗಳಲ್ಲಿ ನಿಲ್ಲಿಸಿತ್ತು ಎಂಬುದನ್ನು ತಂಡದ ಕಿರಿಯ ಹುಡುಗ ಎಲ್ಲರ ಮುಂದೆ ಹೇಳಿದ.

5. ದಶಾಂಶಗಳನ್ನು ಅಕ್ಷರವಾಗಿಯೇ ಇಟ್ಟುಕೊಳ್ಳಿ

ದರದಲ್ಲಿ ಬಿಂದುವಿನ ನಂತರ ನಾಲ್ಕೈದು ಸೊನ್ನೆ ಬರುವ ನಾಣ್ಯಗಳಿವೆ. ಎಕ್ಸ್‌ಚೇಂಜ್ ದರವನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟಿದ್ದರೆ ಅದಕ್ಕೆ ಕಾರಣವಿದೆ: ಸಂಖ್ಯೆಯಾಗಿ ಓದಿದರೆ ಕೊನೆಯ ಅಂಕಿಗಳು ಕೆಡಬಹುದು. ಎಕ್ಸೆಲ್‌ನಲ್ಲಿ ಒಮ್ಮೆ ತೆರೆದು ಸೇವ್ ಮಾಡಿದ ಫೈಲನ್ನು ನನಗೆ ಕಳಿಸಬೇಡಿ.

6. ಖಾಲಿ ಜಾಗಗಳಲ್ಲಿ ಎರಡು ಜಾತಿ

ವ್ಯಾಪಾರವೇ ಆಗದ ನಿಮಿಷ ಒಂದು. ಅಂಗಡಿಯೇ ಮುಚ್ಚಿದ್ದ ನಿಮಿಷ ಇನ್ನೊಂದು. ಕಾಯಿನ್‌ಬೇಸ್ ವ್ಯಾಪಾರವಿಲ್ಲದ ಅವಧಿಗೆ ಕ್ಯಾಂಡಲನ್ನೇ ಕೊಡುವುದಿಲ್ಲ. 2018ರ ಜನವರಿಯಲ್ಲಿ ಕ್ರಾಕನ್ ಹೊಸ ವ್ಯವಸ್ಥೆಗೆ ಬದಲಾಗಲು ಹೋಗಿ ಸುಮಾರು ಎರಡು ದಿನ ಮುಚ್ಚಿತ್ತು. ಫೆಬ್ರವರಿಯಲ್ಲಿ ಬೈನಾನ್ಸ್ ಒಂದು ದಿನಕ್ಕೂ ಹೆಚ್ಚು. ಎರಡನ್ನೂ ಹಿಂದಿನ ದರದಿಂದ ತುಂಬಿಬಿಟ್ಟರೆ ಗ್ರಾಫ್ ನುಣುಪಾಗುತ್ತದೆ, ಸತ್ಯ ಹೋಗುತ್ತದೆ.

2020ರ ಮಾರ್ಚ್ 12–13ರಂದು ಬಿಟ್‌ಕಾಯಿನ್ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. 13ರ ಬೆಳಿಗ್ಗೆ ಬಿಟ್‌ಮೆಕ್ಸ್ ಎಕ್ಸ್‌ಚೇಂಜ್ ಸುಮಾರು 25 ನಿಮಿಷ ಸ್ತಬ್ಧವಾಯಿತು. ಸರ್ವರ್ ಮೇಲೆ ದಾಳಿ ಎಂದು ಕಂಪನಿ ಹೇಳಿತು. ಆ ಹೊತ್ತಿನಲ್ಲೇ ಬೇರೆಡೆ ಬೆಲೆ ಚೇತರಿಸತೊಡಗಿತು. ಆ 25 ನಿಮಿಷದ ಖಾಲಿಯಲ್ಲಿ ನಮ್ಮ ಒಂದು ಪ್ರೋಗ್ರಾಂ ತಳದ ಬೆಲೆಗೆ ಧಾರಾಳವಾಗಿ ಕೊಂಡು ಕೂತಿತ್ತು. ಅಂದು ಅಲ್ಲಿ ಯಾರಿಗೂ ಏನೂ ಕೊಳ್ಳಲು ಸಾಧ್ಯವಿರಲಿಲ್ಲ.

7. ಹೆಸರು ಅದೇ, ಆಸಾಮಿ ಬೇರೆ

2022ರ ಮೇ ಮೊದಲ ವಾರದಲ್ಲಿ ‘ಲೂನಾ’ ನಾಣ್ಯ 80 ಡಾಲರಿನ ಮೇಲಿತ್ತು. 13ಕ್ಕೆ ಬೈನಾನ್ಸ್ ಯುಎಸ್‌ಡಿಟಿ ಎಂಬ ಡಾಲರ್-ನಾಣ್ಯದ ಜೊತೆಗಿನ ಅದರ ಜೋಡಿಯನ್ನು ಕೈಬಿಟ್ಟಾಗ ಒಂದು ಸೆಂಟಿನ ನೂರರಲ್ಲೊಂದು ಪಾಲಿಗಿಂತ ಕೆಳಗೆ. ತಿಂಗಳ ಕೊನೆಗೆ ಹೊಸ ಬ್ಲಾಕ್‌ಚೈನ್, ಹೊಸ ನಾಣ್ಯ, ಆದರೆ ಅದೇ ‘ಲೂನಾ’ ಎಂಬ ಗುರುತು. ಹಳೆಯದಕ್ಕೆ ‘ಲಂಕ್’ ಎಂಬ ಬೇರೆ ಹೆಸರು. ಗುರುತಿನ ಮೇಲೆ ಫೈಲ್ ಜೋಡಿಸಿದವರಿಗೆ ಹದಿನೆಂಟು ದಿನದಲ್ಲಿ ಲಕ್ಷ ಪಟ್ಟು ಲಾಭ ಕಾಣುತ್ತದೆ. ಬಿಟ್‌ಕಾಯಿನ್ ಕ್ಯಾಶ್ ಮೊದಲು ಬೈನಾನ್ಸ್‌ನಲ್ಲಿ ‘ಬಿಸಿಸಿ’ ಆಗಿತ್ತು; ಬೇರೆಡೆ ‘ಬಿಸಿಸಿ’ ಎಂದರೆ ಬಿಟ್‌ಕನೆಕ್ಟ್ ಎಂಬ ಮೋಸದ ಯೋಜನೆ. ಕ್ರಾಕನ್‌ನ ಹಳೆಯ ಫೈಲುಗಳಲ್ಲಿ ಬಿಟ್‌ಕಾಯಿನ್ ‘ಎಕ್ಸ್‌ಬಿಟಿ’. ಹೆಸರಿನ ಜೊತೆ ‘ಎಂದಿನಿಂದ, ಎಂದಿನವರೆಗೆ’ ಎಂಬ ಎರಡು ಕಾಲಂ ಇಡದೆ ಗತಿಯಿಲ್ಲ.

8. ಎಲ್ಲ ಡಾಲರೂ ಡಾಲರಲ್ಲ

ಡಾಲರನ್ನೂ, ಡಾಲರಿಗೆ ಸಮವೆನ್ನುವ ಯುಎಸ್‌ಡಿಟಿ, ಯುಎಸ್‌ಡಿಸಿ ನಾಣ್ಯಗಳನ್ನೂ ಒಂದೇ ಎಂದು ಕೂಡಿಸುವುದು ಅಡಿಕೆಯ ಚಾಲಿ ದರ, ರಾಶಿ ದರ ಒಂದೇ ಕಾಲಂನಲ್ಲಿ ಬರೆದಂತೆ. 2023ರ ಮಾರ್ಚ್ 11ರಂದು ಯುಎಸ್‌ಡಿಸಿ 88 ಸೆಂಟಿಗಿಂತ ಕೆಳಗಿಳಿಯಿತು. ಅದನ್ನು ಹೊರತರುವ ಕಂಪನಿಯ 330 ಕೋಟಿ ಡಾಲರ್ ಮುಳುಗಿದ ಆ ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿತ್ತು. ಅಂದು ಯುಎಸ್‌ಡಿಸಿ ಲೆಕ್ಕದಲ್ಲಿ ಬಿಟ್‌ಕಾಯಿನ್ ‘ಏರಿದ್ದು’ ಏರಿಕೆಯಲ್ಲ.

ರೂಪಾಯಿ ದರವಂತೂ ಕಾನೂನಿನ ಚರಿತ್ರೆಯೇ. 2018ರ ಏಪ್ರಿಲ್ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಎಕ್ಸ್‌ಚೇಂಜ್‌ಗಳಿಗೆ ಬ್ಯಾಂಕಿನ ಬಾಗಿಲು ಮುಚ್ಚಿತು. ಜೆಬ್‌ಪೇ ಆ ಸೆಪ್ಟೆಂಬರಿನಲ್ಲಿ ವ್ಯಾಪಾರ ನಿಲ್ಲಿಸಿತು, ಕಾಯಿನೆಕ್ಸ್ ಮರುವರ್ಷ ಜೂನಿನಲ್ಲಿ. 2018ರ ಅಕ್ಟೋಬರಿನಲ್ಲಿ ಯುನೊಕಾಯಿನ್ ನಮ್ಮ ಬೆಂಗಳೂರಿನ ಮಾಲ್ ಒಂದರಲ್ಲಿ ಇಟ್ಟ ಯಂತ್ರವನ್ನು ಪೊಲೀಸರು ಹೊತ್ತೊಯ್ದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಸುತ್ತೋಲೆಯನ್ನು ರದ್ದು ಮಾಡಿತು. 2022ರ ಜುಲೈ 1ರಿಂದ ಪ್ರತಿ ಮಾರಾಟಕ್ಕೆ ಶೇ. 1 ಟಿಡಿಎಸ್ ಬಂದು ವಹಿವಾಟು ಪಾತಾಳಕ್ಕಿಳಿಯಿತು. ಈ ದಿನಾಂಕಗಳನ್ನು ಪಕ್ಕದಲ್ಲಿಟ್ಟುಕೊಳ್ಳದೆ ರೂಪಾಯಿ ಫೈಲ್ ತೆರೆಯಬೇಡಿ. ಡಾಲರ್ ದರಕ್ಕೆ ವಿನಿಮಯ ದರ ಗುಣಿಸಿ ‘ಭಾರತದ ಬೆಲೆ’ ಮಾಡುವುದಂತೂ ಬೇಡವೇ ಬೇಡ.

9. ಹುಚ್ಚು ದರ ಕಂಡ ಕೂಡಲೇ ಅಳಿಸಬೇಡಿ

2017ರ ಜೂನ್ 21ರಂದು ಕಾಯಿನ್‌ಬೇಸ್‌ನ ಜಿಡ್ಯಾಕ್ಸ್ ಎಕ್ಸ್‌ಚೇಂಜ್‌ನಲ್ಲಿ ಯಾರೋ ಒಬ್ಬರ ಭಾರಿ ಮಾರಾಟದ ಆರ್ಡರಿಗೆ 317 ಡಾಲರಿದ್ದ ಈಥರ್ ಕ್ಷಣಮಾತ್ರದಲ್ಲಿ 10 ಸೆಂಟಿಗೆ ಬಿತ್ತು. ಅದು ನಡೆದ ವ್ಯಾಪಾರ. ಕಂಪನಿ ಅದನ್ನು ರದ್ದು ಮಾಡದೆ, ಸೋತವರಿಗೆ ತನ್ನ ಕೈಯಿಂದ ತುಂಬಿಕೊಟ್ಟಿತು. 2011ರ ಜೂನ್ 19ರಂದು ಗಾಕ್ಸ್‌ನಲ್ಲಿ ಬಿಟ್‌ಕಾಯಿನ್ ಒಂದು ಸೆಂಟಿಗಿಳಿದದ್ದು ಕಳ್ಳರ ಕೆಲಸ. ಅದನ್ನು ಹಿಂದಕ್ಕೆ ತಿರುಗಿಸಲಾಯಿತು. ಗ್ರಾಫಿನಲ್ಲಿ ಎರಡೂ ಒಂದೇ ಥರದ ಮುಳ್ಳು. ಸರಾಸರಿಯಿಂದ ದೂರವಿದ್ದದ್ದನ್ನೆಲ್ಲ ಕತ್ತರಿಸುವ ಸಾಫ್ಟ್‌ವೇರಿಗೆ ಈ ಭೇದ ತಿಳಿಯದು. ನಾನು ಗುರುತು ಹಾಕುತ್ತೇನೆ, ಅಳಿಸುವುದಿಲ್ಲ.

10. ಇವತ್ತೇ ಇಳಿಸಿಕೊಳ್ಳಿ

ಕ್ರಾಕನ್‌ನ ಕ್ಯಾಂಡಲ್ ಸೇವೆ ಕೊಡುವುದು ಕೊನೆಯ 720 ಸಾಲು ಮಾತ್ರ. ಹಳೆಯದಕ್ಕೆ ಬೇರೆ ದಾರಿ ಹುಡುಕಬೇಕು. ಎಫ್‌ಟಿಎಕ್ಸ್ 2022ರ ನವೆಂಬರ್ 11ರಂದು ದಿವಾಳಿ ಅರ್ಜಿ ಹಾಕಿತು. ಅದರ ಹಿಂದಿನ ವಾರ ಯಾರ ತಲೆಯಲ್ಲೂ ಅದರ ಹಳೆಯ ಡೇಟಾ ಉಳಿಸುವ ಯೋಚನೆ ಇರಲಿಲ್ಲ. ಸಣ್ಣ ಎಕ್ಸ್‌ಚೇಂಜ್ ಒಂದು ನಮಗೆ ಹೇಳದೆ ಕೇಳದೆ ಮುಚ್ಚಿದಾಗ ಎಂಟು ತಿಂಗಳ ಆರ್ಡರ್ ಬುಕ್ ಹೋಯಿತು. ಮುಂದಿನ ವಾರ ಇಳಿಸೋಣ ಎಂದಿದ್ದವಳು ನಾನೇ. ಸತ್ತ ಅಂಗಡಿಗಳನ್ನೂ ಸತ್ತ ನಾಣ್ಯಗಳನ್ನೂ ಬಿಟ್ಟು ಬದುಕಿದವರ ಪಟ್ಟಿಯಿಂದಲೇ ಲೆಕ್ಕ ಹಾಕಿದರೆ ಯಾವ ದಡ್ಡ ತಂತ್ರವೂ ಗೆಲ್ಲುತ್ತದೆ.

ಈಗ ಇಳಿಸಿದ ಮೂಲ ಫೈಲನ್ನು ಮುಟ್ಟುವುದಿಲ್ಲ, ತಿದ್ದುವುದೇನಿದ್ದರೂ ಪ್ರತಿಯಲ್ಲಿ. ಇಳಿಸಿದ ದಿನಾಂಕ, ಫೈಲ್ ಬದಲಾಗಿಲ್ಲ ಎಂದು ತೋರುವ ಚೆಕ್‌ಸಮ್ ಪಕ್ಕದಲ್ಲೇ. ಕಳೆದ ತಿಂಗಳು ಸಂಶೋಧನೆ ಮಾಡುತ್ತಿರುವ ಹುಡುಗಿಯೊಬ್ಬಳು ಮುಚ್ಚಿಹೋದ ಎಕ್ಸ್‌ಚೇಂಜ್ ಒಂದರ ಫೈಲ್ ಕೇಳಿಕೊಂಡು ಬಂದಳು. ಕಪಾಟಿನಿಂದ ಡಿಸ್ಕ್ ತೆಗೆದುಕೊಟ್ಟೆ. ಅವಳು ಲ್ಯಾಪ್‌ಟಾಪ್ ತೆರೆಯುತ್ತಲೇ ಕೇಳಿದಳು: “ಮೇಡಂ, ಇದರಲ್ಲಿ ಮೂರನೇ ಕಾಲಂ ಕ್ಲೋಸಾ, ಹೈಯಾ?” ಕಾಫಿ ತರಿಸಿದೆ.