1.5 ಎಂಎಲ್ ಹಾಲಿನ ಲೆಕ್ಕ

ಕೆಮಿಸ್ಟ್ರಿ ಲ್ಯಾಬ್‌ನಲ್ಲಿ 1.5 ಎಂಎಲ್ ಚೆಲ್ಲಿದರೆ ನಾವು ತಿರುಗಿ ನೋಡೋದಿಲ್ಲ. ಆದರೆ 900 ಗ್ರಾಂ ತೂಕದ ಮಗುವಿಗೆ ಅದು ಒಂದು ಹೊತ್ತಿನ ಊಟ.

ಪೂರ್ತಿ ಗರ್ಭ ಅಂದರೆ ಸುಮಾರು 40 ವಾರ. 28 ವಾರ ತುಂಬುವ ಮೊದಲೇ ಹುಟ್ಟುವ ಮಕ್ಕಳ ತೂಕ ಎಷ್ಟೋ ಸಲ ಒಂದು ಕೆಜಿ ಕೂಡ ಇರೋದಿಲ್ಲ. ಹೀರೋದು, ನುಂಗೋದು, ಉಸಿರಾಡೋದು, ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಮಗುವಿಗೆ ಬರೋದು ಸುಮಾರು 32-34 ವಾರಕ್ಕೆ. ಅಲ್ಲಿಯವರೆಗೆ ಬಾಯಿಯಿಂದ ಹೊಟ್ಟೆಗೆ ಒಂದು ತೆಳು ಟ್ಯೂಬ್ ಹಾಕುತ್ತಾರೆ. ಸಿರಿಂಜ್ ಮೇಲೆತ್ತಿ ಹಿಡಿದರೆ ಹಾಲು ಗುರುತ್ವಾಕರ್ಷಣೆಯಿಂದಲೇ ಇಳಿಯುತ್ತದೆ. ಉಳಿದ ಪೋಷಣೆ ರಕ್ತನಾಳದ ಮೂಲಕ.

ಈಗ ಲೆಕ್ಕ. ಶುರುವಿಗೆ ದಿನಕ್ಕೆ ಕೆಜಿಗೆ 20 ಎಂಎಲ್ ಅಂದುಕೊಳ್ಳಿ. 900 ಗ್ರಾಂಗೆ 18 ಎಂಎಲ್. ಎರಡು ಗಂಟೆಗೊಮ್ಮೆ ಕೊಟ್ಟರೆ ಪ್ರತಿ ಸಲ 1.5 ಎಂಎಲ್. ಪೂರ್ತಿ ಹಾಲು ಅಂದರೆ ಕೆಜಿಗೆ ಸುಮಾರು 150, ಅಂದರೆ ದಿನಕ್ಕೆ 135 ಎಂಎಲ್. ದಿನಕ್ಕೆ ಕೆಜಿಗೆ 30ರಂತೆ ಹೆಚ್ಚಿಸಿದರೆ ಐದು ದಿನ ಬೇಕು, 18ರಂತೆ ಆದರೆ ಎಂಟು ದಿನ.

ಬೇಗ ಹೆಚ್ಚಿಸಿದರೆ ಕರುಳು ಕೊಳೆಯುವ ಎನ್‌ಇಸಿ ಕಾಯಿಲೆ ಬರುತ್ತೆ ಅನ್ನೋ ಭಯ ಇತ್ತು. ನಿಧಾನ ಮಾಡಿದರೆ ರಕ್ತನಾಳದ ಟ್ಯೂಬ್ ಹೆಚ್ಚು ದಿನ ಇರಬೇಕು, ಅದರಿಂದ ಸೋಂಕಿನ ಭಯ. ಬ್ರಿಟನ್ನಿನಲ್ಲಿ ಸುಮಾರು 2,800 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಸಿಫ್ಟ್ ಅಧ್ಯಯನ ಇವೇ ಎರಡು ವೇಗಗಳನ್ನು ಹೋಲಿಸಿತು. ಎನ್‌ಇಸಿಯಲ್ಲೂ, ಎರಡು ವರ್ಷದ ನಂತರದ ಬೆಳವಣಿಗೆಯಲ್ಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಆದರೆ ಯಾವ ಹಾಲು ಅನ್ನೋದು ವ್ಯತ್ಯಾಸ ಮಾಡುತ್ತದೆ. ಫಾರ್ಮುಲಾ ಹಾಲಿಗಿಂತ ತಾಯಿಯ ಹಾಲಿನಲ್ಲಿ ಎನ್‌ಇಸಿ ಕಡಿಮೆ. ಮೊದಲ ದಿನಗಳ ಹಳದಿ ಹಾಲಿನಲ್ಲಿ ರೋಗ ತಡೆಯುವ ಅಂಶಗಳು ತುಂಬಾ ಇವೆ. ‘ಅದು ಕೆಟ್ಟ ಹಾಲದ, ಚೆಲ್ಲು’ ಅಂತ ಮನೆಯ ಹಿರಿಯರು ಹೇಳಿದರೆ ಚೆಲ್ಲಿಹೋಗೋದು ಅದೇ.

ಕಮಲಾಪುರದಲ್ಲಿ ಒಬ್ಬ ತಾಯಿಗೆ 27 ವಾರಕ್ಕೇ ಹೆರಿಗೆ ಆಯಿತು ಅಂದುಕೊಳ್ಳಿ. ಮಗುವನ್ನು ಕಲಬುರಗಿಯ ನವಜಾತ ಶಿಶು ಘಟಕಕ್ಕೆ ಒಯ್ಯುತ್ತಾರೆ. ಬಾಣಂತಿ ಅಂತ ತಾಯಿಯನ್ನು ಊರಲ್ಲೇ ಉಳಿಸಿದರೆ ಮಗು ಒಂದು ಕಡೆ, ಹಾಲು ಇನ್ನೊಂದು ಕಡೆ. ನಡುವೆ ಹುಮನಾಬಾದ್ ರಸ್ತೆ. ಮಗು ಹೀರದಿದ್ದಾಗ ದಿನಕ್ಕೆ ಎಂಟು ಸಲವಾದರೂ ಹಾಲು ಹಿಂಡಿ ತೆಗೆಯಬೇಕು, ಇಲ್ಲದಿದ್ದರೆ ಹಾಲು ಬತ್ತುತ್ತಾ ಹೋಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಆ ಹಾಲು ಐಸ್ ಡಬ್ಬಿಯಲ್ಲೇ ಬರಬೇಕು.

ತಾಯಿ ಹತ್ತಿರವೇ ಇದ್ದರೆ ಮಗುವನ್ನು ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟುಕೊಳ್ಳಬಹುದು. ಇದೇ ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದದ್ದು. ನಮ್ಮ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ದೊಡ್ಡ ಮಟ್ಟದಲ್ಲಿ ಜಾರಿ ಮಾಡಿ ನೋಡಿದ್ದಾರೆ. ಮಗು ಬೆಚ್ಚಗಿರುತ್ತದೆ, ತಾಯಿಗೆ ಹಾಲೂ ಹೆಚ್ಚುತ್ತದೆ.

ತಾಯಿಗೆ ಹಾಲು ಬಾರದಿದ್ದರೆ ದಾನಿಗಳ ಹಾಲು ಇದೆ. 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಕೊಡುತ್ತಾರೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಇಂಥ ಹಾಲಿನ ಬ್ಯಾಂಕ್ ಶುರುವಾಯಿತು.

ಪಂಪ್, ಸೆನ್ಸರ್, ಇನ್‌ಕ್ಯುಬೇಟರ್ ಎಲ್ಲಾ ಬೇಕು, ನಾಳೆ ಅವನ್ನು ನಮ್ಮಲ್ಲೇ ಯಾರಾದರೂ ಮಾಡಬಹುದು. ಆದರೆ ನಿಮ್ಮ ಅಕ್ಕನಿಗೋ ಅತ್ತಿಗೆಗೋ ಹೀಗಾದರೆ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ: ‘ತಾಯಿನ್ನೂ ಮಗುವಿನ ಜೊತೆ ಕರಕೊಂಡು ಬರಬಹುದಾ?’

1.5 ಎಂಎಲ್ ಅಲ್ಲಿಂದಲೇ ಬರಬೇಕು.